ರುಚಿರಾಯರ ಒಂದು ಗುಟುಕು

ತೊಂದರೆಯೆಲ್ಲ ಶುರುವಾದದ್ದು ಒಂದು ಉಗುಳಿನಿಂದ. ಉಗುಳಿದವರು ರುಚಿರಾಯರು. ಉಗುಳಿದ ಜಾಗ ಯಜಮಾನರ ಕೋಣೆಯಲ್ಲಿದ್ದ ರಬ್ಬರ್ ಗಿಡದ ಕುಂಡ. ಉಗುಳಿದ ಪದಾರ್ಥ, ಇಪ್ಪತ್ತೊಂದು ವರ್ಷ ಓಕ್ ಮರದ ಪೀಪಾಯಿಯಲ್ಲಿ ಮಲಗಿ ಎದ್ದು ಬಂದಿದ್ದ ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿ.

ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಟೀ ಕಂಪನಿಯಲ್ಲಿ ರುಚಿ ನೋಡುವುದು ಅವರ ಕೆಲಸ. ದಿನಾ ಬೆಳಿಗ್ಗೆ ಎಂಟಕ್ಕೆ ಉದ್ದನೆಯ ಮೇಜಿನ ಮೇಲೆ ನೂರಿಪ್ಪತ್ತು ಬಿಳಿ ಬಟ್ಟಲು ಸಾಲಾಗಿ ಕೂರುತ್ತವೆ. ರಾಯರು ಒಂದೊಂದರಿಂದಲೂ ಚಮಚದಲ್ಲಿ ಒಂದಿಷ್ಟು ತೆಗೆದು, ಪಕ್ಕದ ಕಟ್ಟಡಕ್ಕೂ ಕೇಳಿಸುವಂತೆ ಸೊರ್ರೆಂದು ಹೀರಿ, ಬಾಯಲ್ಲಿ ಎರಡು ಸುತ್ತು ತಿರುಗಿಸಿ, ಉಗುಳಿ, "ಎಲೆ ಬಾಡಿಸುವಾಗ ಆತುರ ಮಾಡಿದಾರೆ" ಎಂದೋ, "ಈ ಚೀಲಾನ ಸೋಪಿನ ಪೆಟ್ಟಿಗೆ ಪಕ್ಕ ಇಟ್ಟಿದ್ರು" ಎಂದೋ ಹೇಳಿ ಮುಂದಿನ ಬಟ್ಟಲಿಗೆ ಹೋಗುತ್ತಾರೆ. ಅವರ ಜೊತೆಗೆ ಸೊಂಟದೆತ್ತರದ, ಚಕ್ರ ಹಾಕಿದ ತಗಡಿನ ಪೀಕದಾನಿಯೂ ಹೋಗುತ್ತದೆ. ಅದನ್ನು ತಳ್ಳುವುದು ಅವರ ಎಡ ಮೊಣಕಾಲು. ನುಂಗುವ ಹಾಗಿಲ್ಲ. ನೂರಿಪ್ಪತ್ತು ಬಟ್ಟಲು ಟೀ ನುಂಗಿದರೆ ಮನುಷ್ಯ ಮಧ್ಯಾಹ್ನದವರೆಗೂ ಬಾಳುವುದಿಲ್ಲ. ಹೀಗೆ ಇಪ್ಪತ್ತೊಂದು ವರ್ಷ ಉಗುಳಿ ಉಗುಳಿ ರಾಯರು ಆ ವಿದ್ಯೆಯಲ್ಲಿ ಪಳಗಿ ಹೋಗಿದ್ದರು. ನಾಲ್ಕು ಅಡಿ ದೂರದಿಂದ, ನೂಲು ಎಳೆದ ಹಾಗೆ, ಒಂದು ಹನಿ ಚೆಲ್ಲದೆ.

ನಾಲಿಗೆ ಕೆಡುತ್ತದೆಂದು ಅವರು ಖಾರ ಬಿಟ್ಟಿದ್ದರು, ಎಲೆ ಅಡಿಕೆ ಬಿಟ್ಟಿದ್ದರು. ಮದ್ಯದ ಹತ್ತಿರವಂತೂ ಸುಳಿದಿರಲಿಲ್ಲ. ಅಂಥವರನ್ನು ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಯಜಮಾನರು ಕೋಣೆಗೆ ಕರೆದು, ಬಾಗಿಲು ಹಾಕಿಸಿ, ಕಪಾಟಿನಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರು.

"ಸಂಜೆ ಐದಕ್ಕೆ ದೊಡ್ಡವರು ಬರ್ತಾರೆ" ಎಂದರು.

ದೊಡ್ಡವರು ಎಂದರೆ ಕಂಪನಿಯ ಅರ್ಧಕ್ಕರ್ಧ ಟೀ ಕೊಳ್ಳುವ ಹಿರಿಯರು. ಅವರಿಗೆ ಈ ಲೋಕದಲ್ಲಿ ಗೌರವ ಇದ್ದದ್ದು ಸಿಂಗಲ್ ಮಾಲ್ಟಿನ ಮೇಲೆ ಮಾತ್ರ. ವರ್ಷಕ್ಕೊಂದು ಬಾಟಲಿಯನ್ನು ಯಜಮಾನರಿಗೆ ಕಳಿಸಿ, ಆಮೇಲೆ ಬಂದು ಎದುರು ಕೂತು, "ಏನು ಸಿಕ್ತು ಅದರಲ್ಲಿ?" ಎಂದು ಕೇಳುತ್ತಿದ್ದರು. ಹೋದ ವರ್ಷ ಯಜಮಾನರು ಖುಷಿಯಿಂದ "ಒಳ್ಳೇ ಕಿಕ್ ಸಿಕ್ತು ಸಾರ್" ಎಂದುಬಿಟ್ಟರು. ದೊಡ್ಡವರು ಟೋಪಿ ಹಾಕಿಕೊಂಡು ಎದ್ದು ಹೋದರು. ಆ ವರ್ಷ ಉಗ್ರಾಣದಲ್ಲಿ ಟೀ ಚೀಲಗಳು ಸೂರು ಮುಟ್ಟಿದ್ದವು.

"ನನಗೆ ಟೀನೂ ಒಂದೇ, ಬಿಸಿನೀರೂ ಒಂದೇ ಅಂತ ನಿಮಗೊಬ್ಬರಿಗೇ ಗೊತ್ತು ರಾಯರೇ" ಎಂದು ಯಜಮಾನರು ದನಿ ಇಳಿಸಿದರು. "ನೀವು ರುಚಿ ನೋಡಿ, ಏನೇನಿದೆ ಹೇಳಿ, ನಾನು ಬಾಯಿಪಾಠ ಮಾಡ್ಕೋತೀನಿ. ಸಂಜೆ ನೀವೂ ಪಕ್ಕದಲ್ಲಿರಿ. ಈ ಸಲವೂ ಅವರು ಎದ್ದು ಹೋದ್ರೆ ಕಂಪನಿಗೆ ಬೀಗ ಹಾಕಬೇಕಾಗತ್ತೆ."

"ಸಾರ್, ನಾನು ಕುಡಿಯೋನಲ್ಲ."

"ಕುಡೀರಿ ಅಂತ ಯಾರು ಹೇಳಿದ್ರು? ರುಚಿ ನೋಡಿ!"

ಹೊಟ್ಟೆ ಅಗಲ, ಬಾಯಿ ಕಿರಿದಾದ ಪುಟ್ಟ ಲೋಟದಲ್ಲಿ ಒಂದು ಬೆರಳಿನಷ್ಟು ಬಿತ್ತು. ರಾಯರು ಆಸ್ಪತ್ರೆಯ ವಾಸನೆಗೆ ಮುಖ ಸಿಂಡರಿಸಿಕೊಳ್ಳಲು ತಯಾರಾಗಿಯೇ ಮೂಗು ಹತ್ತಿರ ತಂದರು. ಸಿಂಡರಿಸಲು ಎತ್ತಿದ ಹುಬ್ಬು ಹಾಗೇ ಮೇಲೆ ನಿಂತಿತು. ಜೇನಿತ್ತು. ಬೆಂಕಿಯ ಪಕ್ಕ ಮರೆತು ಬಿಟ್ಟು ಮೆತ್ತಗಾದ ಸೇಬಿತ್ತು. ಎಲ್ಲೋ ದೂರದಲ್ಲಿ ಒದ್ದೆ ಮಣ್ಣು ಸುಡುತ್ತಿರುವ ಹೊಗೆ ಇತ್ತು. ಬಾಟಲಿಯ ಜೊತೆ ಬಂದಿದ್ದ ಚೀಟಿಯಲ್ಲಿ "ಎರಡು ಹನಿ ನೀರು, ಮೂರನೆಯದು ಬೇಡ" ಎಂದು ಬರೆದಿತ್ತು. ರಾಯರು ಚಮಚದ ತುದಿಯಿಂದ ಎರಡು ಹನಿ ಬಿಟ್ಟರು. ಒಳಗಿದ್ದವರೆಲ್ಲ ಹೊರಗೆ ಬಂದರು: ಲವಂಗ, ಕಿತ್ತಳೆ ಸಿಪ್ಪೆ, ಹಳೆಯ ಪುಸ್ತಕಗಳ ಕಪಾಟು, ಉಪ್ಪುಗಾಳಿ. ಬರೀ ಮೊಳಕೆಯೊಡೆದ ಬಾರ್ಲಿ, ನೀರು, ಒಂದು ಮರದ ಪೀಪಾಯಿ. ಇಷ್ಟರಿಂದ ಇಷ್ಟೊಂದು ಮಾಡಬಲ್ಲವರು ಭೂಮಿಯ ಮೇಲೆ ಇದ್ದಾರಲ್ಲ ಎಂದು ರಾಯರಿಗೆ ಕಣ್ಣಂಚು ಒದ್ದೆಯಾಯಿತು. ತಾವು ಕೆಲಸಕ್ಕೆ ಸೇರಿದ ವರ್ಷವೇ ಇದೂ ಪೀಪಾಯಿಗೆ ಇಳಿದಿದೆ. ತಾವು ಇಪ್ಪತ್ತೊಂದು ವರ್ಷದಲ್ಲಿ ಬೊಕ್ಕತಲೆಯವರಾದರು, ಅದು ಹೀಗಾಯಿತು.

ಸೊರ್ರೆಂದು ಹೀರಿದರು. ನಾಲಿಗೆಯ ತುದಿಗೆ ಮೊದಲು ಸಿಹಿ, ಆಮೇಲೆ ಅಂಚಿಗೆ ಉಪ್ಪು, ನಡುವೆ ಸಣ್ಣ ಕಾವು. ಇನ್ನೇನು ಅದು ಬೆಚ್ಚಗೆ ಗಂಟಲಿನ ಹೊಸ್ತಿಲಿಗೆ ಬಂದು ನಿಂತಿತು, ಒಳಗೆ ಇಳಿಯುವುದೊಂದೇ ಬಾಕಿ ಎನ್ನುವಾಗ ಎಡ ಮೊಣಕಾಲು ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು. ಅಲ್ಲಿ ಪೀಕದಾನಿ ಇರಲಿಲ್ಲ. ಕಣ್ಣು ರಬ್ಬರ್ ಗಿಡವನ್ನು ಹುಡುಕಿಕೊಂಡಿತು. ಮುಂದಿನದು ನಿಮಗೆ ಗೊತ್ತೇ ಇದೆ.

"ಶಹಬ್ಬಾಸ್! ರತ್ನಗಂಬಳಿಗೆ ಒಂದು ಹನಿ ಬೀಳಲಿಲ್ಲ" ಎಂದರು ಯಜಮಾನರು.

ರಾಯರು ನಿಂತಲ್ಲೇ ನಿಂತಿದ್ದರು. ಅರ್ಧ ಓದಿದ ಕತೆಯ ಕೊನೆಯ ಹಾಳೆಯನ್ನು ಯಾರೋ ಹರಿದುಕೊಂಡು ಹೋದ ಹಾಗಾಗಿತ್ತು. ಟೀ ಹಾಗಲ್ಲ, ಅದರದ್ದೆಲ್ಲ ಬಾಯಲ್ಲೇ ಮುಗಿಯುತ್ತದೆ. ಇದರ ಮುಖ್ಯ ಸಂಗತಿ ಇನ್ನೂ ಕೆಳಗೆಲ್ಲೋ ಇದೆ ಎಂದು ಗಂಟಲೇ ಹೇಳುತ್ತಿತ್ತು.

"ಸಾರ್, ಕೊನೆ ಗೊತ್ತಾಗಲಿಲ್ಲ. ಇನ್ನೊಂದೇ ಒಂದು ಗುಟುಕು..."

"ಸಾಕು ಸಾಕು. ಸಂಜೆ ಬಾಟಲಿ ತುಂಬಿರೋ ಹಾಗೆ ಕಾಣಬೇಕು." ಕಪಾಟಿಗೆ ಬೀಗ ಬಿತ್ತು, ಬೀಗದ ಕೈ ಯಜಮಾನರ ಒಳಜೇಬಿಗೆ ಇಳಿಯಿತು. ಆ ಜೇಬಿನ ಅದೃಷ್ಟಕ್ಕೆ ರಾಯರು ಜೀವನದಲ್ಲಿ ಮೊದಲ ಸಲ ಹೊಟ್ಟೆ ಉರಿದುಕೊಂಡರು.

ಸಿಕ್ಕ ರುಚಿಗಳನ್ನೆಲ್ಲ ಯಜಮಾನರಿಗೆ ಬರೆಸಿ ಕೋಣೆಯಿಂದ ಹೊರಬಂದವರು ಮೊದಲು ಸಿಕ್ಕಿಬಿದ್ದದ್ದು ಫೋನ್ ಮೇಡಂ ಕೈಗೆ. ಕಂಪನಿಗೆ ಬರುವ ಫೋನುಗಳನ್ನೆಲ್ಲ ತೆಗೆದುಕೊಳ್ಳುವುದು ಅವರ ಕೆಲಸ, ಅವುಗಳನ್ನು ಎಲ್ಲರಿಗೂ ಮುಟ್ಟಿಸುವುದು ಅವರ ಸ್ವಭಾವ. ಸಾಲದ್ದಕ್ಕೆ ಅವರದು ರಾಯರ ಪಕ್ಕದ ಮನೆ. ಅವರು ಮೂಗು ಅರಳಿಸಿ, "ರಾಯರೇ, ನೀವು... ನೀವೂನಾ?" ಎಂದರು. ರಾಯರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ನಡೆದದ್ದನ್ನು ಇದ್ದ ಹಾಗೆ ಹೇಳಿ, "ಮೇಡಂ, ಸಾಯೋದ್ರೊಳಗೆ ಅದನ್ನ ಒಂದು ಸಲ ನುಂಗಬೇಕು" ಎಂದುಬಿಟ್ಟರು.

ಐದು ನಿಮಿಷದಲ್ಲಿ ಉಗ್ರಾಣದವನು ಓಡಿ ಬಂದ. ಅವನಿಗೆ ಗೊತ್ತಿಲ್ಲದ ವಿಷಯ ಇರಲಿಲ್ಲ, ಗೊತ್ತಿದ್ದ ವಿಷಯವೂ ಅಷ್ಟಾಗಿ ಇರಲಿಲ್ಲ.

"ನುಂಗೋದು ಏನು ಮಹಾ ಗುರುವೇ! ಸಂಜೆ ದೊಡ್ಡವರು ನಿಮಗೂ ಕೊಟ್ಟೇ ಕೊಡ್ತಾರೆ. ಅಷ್ಟರಲ್ಲಿ ನಾನು ನಿಮ್ಮನ್ನ ತಯಾರು ಮಾಡ್ತೀನಿ" ಎಂದು ರುಚಿ ನೋಡುವ ಕೋಣೆಗೆ ಎಳೆದುಕೊಂಡು ಹೋಗಿ, ಆರಿದ ಟೀ ಬಟ್ಟಲೊಂದನ್ನು ಕೈಗೆ ಕೊಟ್ಟ. "ಹೀರಿ. ಹಾ! ಈಗ ನುಂಗಿ!"

ಅವನ ಅಂಗಿ ಆ ದಿನ ಬೆಳಿಗ್ಗೆ ತಾನೇ ಇಸ್ತ್ರಿಯಾಗಿ ಬಂದಿತ್ತು.

ಎರಡನೆಯ ಸಲ ಅವನು ಪಕ್ಕಕ್ಕೆ ಸರಿದು ನಿಂತ. ಮೂರನೆಯ ಸಲ ರಾಯರ ಮೂಗು ಹಿಡಿದ. ನಾಲ್ಕನೆಯ ಸಲ ಬೆನ್ನಿಗೆ ಗುದ್ದಿದ. ಪ್ರತಿ ಸಲವೂ ಟೀ ಹೋದ ದಾರಿಯಲ್ಲೇ ವಾಪಸ್ಸು ಬಂತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಫೋನ್ ಮೇಡಂ ಕೊನೆಗೆ ಕೇಳಿದರು:

"ಅಲ್ಲ ರಾಯರೇ, ಮನೇಲಿ ಊಟ ಹೇಗೆ ಇಳಿಯತ್ತೆ ನಿಮಗೆ?"

"ಅದಾ? ಪೇಪರ್ ಓದ್ತಾ ತಿಂತೀನಿ. ತಾನಾಗೇ ಹೋಗತ್ತೆ."

"ಅಷ್ಟೇ ನೋಡಿ! ರುಚಿ ಕಡೆ ಗಮನ ಕೊಟ್ರೆ ಉಗುಳ್ತೀರ. ಗಮನ ಇಲ್ದಿದ್ರೆ ನುಂಗ್ತೀರ!"

ಉಗ್ರಾಣದವನು ಮೂಲೆಯಲ್ಲಿದ್ದ ಹಳೆಯ ಪೇಪರ್ ತೆಗೆದು, ಕೈಗೆ ಸಿಕ್ಕ ಪುಟವನ್ನು ಗಟ್ಟಿಯಾಗಿ ಓದತೊಡಗಿದ: "ಕೊಳವೆ ಬಾವಿ ಕೊರೆಯುವ ಕಾಮಗಾರಿಗಾಗಿ ಅರ್ಹ ಗುತ್ತಿಗೆದಾರರಿಂದ ಮೊಹರಾದ ಟೆಂಡರುಗಳನ್ನು ಆಹ್ವಾನಿಸಲಾಗಿದೆ..." ರಾಯರು ಕೇಳುತ್ತಾ ಒಂದು ಚಮಚ ಹೀರಿದರು. ಗಂಟಲಲ್ಲಿ ಗುಳುಕ್ ಎಂದಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಂದು ಚಮಚ, ಇನ್ನೊಂದು ಗುಳುಕ್. ಉಗ್ರಾಣದವನು ರಾಯರನ್ನು ತಬ್ಬಿಕೊಂಡ. ಸಂಜೆಯ ಹೊತ್ತಿಗೆ ಆ ಟೆಂಡರ್ ಪ್ರಕಟಣೆಯನ್ನು ಬಾಯಿಪಾಠ ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು.

ಮೂರು ಗಂಟೆಗೆ ಮನೆಯಿಂದ ಫೋನ್ ಬಂತು. ಸುದ್ದಿ ಹೇಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

"ರೀ, ಏನೋ ಕುಡಿದ್ರಂತೆ?" ಎಂದರು ರಾಯರ ಹೆಂಡತಿ.

"ಇಲ್ಲ ಕಣೆ, ಉಗುಳಿದೆ."

"ಅದೂ ಕೇಳಿದೆ. ಗಮನ ಕೊಟ್ರೆ ಉಗುಳ್ತೀರಂತೆ, ಗಮನ ಇಲ್ದಿದ್ರೆ ನುಂಗ್ತೀರಂತೆ. ನಿಜಾನಾ?"

"ಹೌದು, ಒಂದು ಥರಾ ಅಭ್ಯಾಸ."

"ಹತ್ತೊಂಬತ್ತು ವರ್ಷದಿಂದ ನಾನು ಮಾಡಿ ಹಾಕಿದ್ದನ್ನೆಲ್ಲ ಒಂದು ಚೂರೂ ಬಿಡದೆ ನುಂಗಿದೀರಲ್ಲ?" ಎಂದು ಕೇಳಿ ಫೋನ್ ಇಟ್ಟರು.

ಐದಕ್ಕೆ ಸರಿಯಾಗಿ ದೊಡ್ಡವರು ಊರುಗೋಲು ಕುಟ್ಟುತ್ತಾ ಬಂದರು. ಯಜಮಾನರ ಕೋಣೆಯಲ್ಲಿ ಮೇಜಿನ ಮೇಲೆ ಬಾಟಲಿ, ಒಂದು ಹೂಜಿ ನೀರು, ಮೂರು ಲೋಟ. ರಾಯರು ಗೋಡೆಗೆ ಒರಗಿ ನಿಂತು ಮನಸ್ಸಿನಲ್ಲೇ ಕೊಳವೆ ಬಾವಿ ಕೊರೆಯುತ್ತಿದ್ದರು.

"ಹೇಳಿ, ಈ ಸಲ ಏನು ಸಿಕ್ತು?" ಎಂದರು ದೊಡ್ಡವರು.

ಯಜಮಾನರು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ, "ಜೇನು, ಸೇಬು, ಹೊಗೆ, ಲವಂಗ, ಕಿತ್ತಳೆ ಸಿಪ್ಪೆ, ಪುಸ್ತಕದ ಕಪಾಟು ಒಂದು, ಉಪ್ಪುಗಾಳಿ" ಎಂದು ಸಾಮಾನಿನ ಪಟ್ಟಿ ಒಪ್ಪಿಸಿದರು.

ದೊಡ್ಡವರ ಹುಬ್ಬು ಗಂಟಾಯಿತು. "ನಾಲಿಗೆ ಮೇಲೆ ಜೇನು ಮೊದಲು ಬಂತೋ, ಹೊಗೆ ಮೊದಲು ಬಂತೋ?"

"ಎರಡೂ... ಜೊತೆಗೇ ಬಂದ್ವು ಸಾರ್. ಒಂದೇ ಗಾಡೀಲಿ."

ದೊಡ್ಡವರು ಟೋಪಿಗೆ ಕೈ ಹಾಕಿದರು. ಯಜಮಾನರ ಮುಖದಲ್ಲಿ ರಕ್ತ ಉಳಿಯಲಿಲ್ಲ. ರಾಯರಿಗೆ ಆ ಕ್ಷಣ ಕಂಪನಿಯೂ ನೆನಪಾಗಲಿಲ್ಲ, ಕೆಲಸವೂ ನೆನಪಾಗಲಿಲ್ಲ. ಅಂಥ ಪದಾರ್ಥಕ್ಕೆ ಇಂಥ ಅನ್ಯಾಯವೇ ಎಂದು ಸಂಕಟವಾಗಿ ಮಾತು ತಾನಾಗಿ ಹೊರಬಂತು.

"ಹೊಗೆ ಮುಂದೆ ಬರೋದೇ ಇಲ್ಲ ಸಾರ್. ಅದು ಹಿಂದಿನ ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕಳಿಸಿ, ತಾನು ಕೊನೇಗೆ ಬರತ್ತೆ."

ದೊಡ್ಡವರು ನಿಧಾನವಾಗಿ ತಿರುಗಿದರು. ಟೋಪಿ ಕೆಳಗಿಟ್ಟರು. ಏನೂ ಕೇಳದೆ ಒಂದು ಲೋಟಕ್ಕೆ ಒಂದಿಷ್ಟು ಸುರಿದು, ಎರಡು ಹನಿ ನೀರು ಬಿಟ್ಟು, ರಾಯರ ಕೈಗೆ ಕೊಟ್ಟರು.

ಬೆಳಿಗ್ಗೆಯಿಂದ ಕಾದ ಗಳಿಗೆ ಬಂದಿತ್ತು. ರಾಯರು ಲೋಟ ಎತ್ತಿದರು. "ಕೊಳವೆ ಬಾವಿ ಕೊರೆಯುವ ಕಾಮಗಾರಿಗಾಗಿ" ಎಂದು ಮನಸ್ಸಿನಲ್ಲಿ ಶುರು ಮಾಡಿದರು. ಹೀರಿದರು. "ಅರ್ಹ ಗುತ್ತಿಗೆದಾರರಿಂದ..." ಅಷ್ಟರಲ್ಲಿ, ಬೆಳಿಗ್ಗೆ ಇಲ್ಲದಿದ್ದ ಒಣದ್ರಾಕ್ಷಿಯ ಎಳೆಯೊಂದು ಎದ್ದು ಬಂತು. ಬಾಟಲಿಯ ಮುಚ್ಚಳ ತೆಗೆದು ಗಾಳಿಯಾಡಿದ್ದಕ್ಕೆ ಅದು ಇನ್ನಷ್ಟು ಬಿಚ್ಚಿಕೊಂಡಿತ್ತು. ಇಪ್ಪತ್ತೊಂದು ವರ್ಷ ಕತ್ತಲಲ್ಲಿ ಕಾದು ಕೂತು, ಈಗ ತಾನಾಗಿ ಎದುರು ಬಂದು ನಿಂತ ಅದರ ಮುಂದೆ ಕೊಳವೆ ಬಾವಿಯ ವಿಚಾರ ಮಾಡುವುದೆ? ರಾಯರಿಂದ ಆಗಲಿಲ್ಲ. ಗುತ್ತಿಗೆದಾರರನ್ನೆಲ್ಲ ಕೈಬಿಟ್ಟು ಪೂರ್ತಿ ಗಮನ ಅದಕ್ಕೇ ಕೊಟ್ಟರು.

ಎಡ ಮೊಣಕಾಲು ಮುಂದೆ ಹೋಯಿತು. ಈ ಸಲ ಅದಕ್ಕೆ ತಣ್ಣನೆಯ ತಗಡು ತಗುಲಿತು. ಏನಾದರೂ ಹೆಚ್ಚುಕಡಿಮೆಯಾಗಿ ದೊಡ್ಡವರ ಕೋಟಿನ ಮೇಲೆ ಬಿದ್ದೀತೆಂದು ಉಗ್ರಾಣದವನು ಮುಂಜಾಗ್ರತೆಗಾಗಿ ಪೀಕದಾನಿಯನ್ನು ತಂದು ಅಲ್ಲೇ ನಿಲ್ಲಿಸಿ, ಬಾಗಿಲ ಹಿಂದೆ ಅಡಗಿದ್ದ. ಠಣ್ ಎಂದು ಸದ್ದಾಯಿತು. ಬಾಗಿಲ ಹಿಂದೆ ಹಣೆ ಚಚ್ಚಿಕೊಂಡ ಸದ್ದೂ ಆಯಿತು.

ರಾಯರು ಅಳು ನುಂಗಿಕೊಂಡು ಮಾತಾಡಿದರು. ಒಣದ್ರಾಕ್ಷಿ ಎಲ್ಲಿ ಎದ್ದಿತು, ಲವಂಗ ಎಲ್ಲಿ ತಣ್ಣಗಾಯಿತು, ಪೀಪಾಯಿ ಇದ್ದ ಗೋದಾಮಿನ ಗೋಡೆ ಸಮುದ್ರದ ಕಡೆಗೇ ಇರಬೇಕು ಎಂದು ಯಾಕೆ ಅನ್ನಿಸುತ್ತದೆ, ಎಲ್ಲ ಹೇಳಿದರು. ಕೇಳುತ್ತಾ ಕೂತಿದ್ದ ದೊಡ್ಡವರ ಊರುಗೋಲು ಕೈಯಿಂದ ಜಾರಿ ಬಿತ್ತು.

"ಗೋಡೆಗೇ ಅಲೆ ಬಡಿಯತ್ತೆ. ನಾನು ಹೋಗಿ ನೋಡಿದೀನಿ" ಎಂದರು ಅವರು. "ನಲವತ್ತು ವರ್ಷದಲ್ಲಿ ಕುಡಿಯೋರನ್ನ ಬೇಕಾದಷ್ಟು ನೋಡಿದೆ. ರುಚಿ ನೋಡೋರನ್ನ ಇವತ್ತು ನೋಡಿದೆ. ಅಲ್ಲ, ಇದನ್ನ ನುಂಗಬೇಕು ಅಂತ ನಿಮಗೆ ಅನ್ನಿಸಲೇ ಇಲ್ವಾ?"

ರಾಯರು ಬಾಯಿ ತೆರೆದರು. ಅವರಿಗಿಂತ ಮೊದಲು ಯಜಮಾನರು ತೆರೆದಾಗಿತ್ತು.

"ನಮ್ಮ ರಾಯರಾ? ಇಪ್ಪತ್ತೊಂದು ವರ್ಷದಲ್ಲಿ ಒಂದು ತೊಟ್ಟು ನುಂಗಿದೋರಲ್ಲ ಸಾರ್! ನುಂಗು ಅಂದ್ರೆ ಕೆಲಸ ಬಿಟ್ಟು ಹೋಗ್ತಾರೆ!"

"ಎಂಥಾ ನಿಷ್ಠೆ!" ಎಂದು ದೊಡ್ಡವರು ತಲೆದೂಗಿದರು. ರಾಯರ ಕೈಯಿಂದ ಲೋಟವನ್ನು ಮೆಲ್ಲಗೆ ತೆಗೆದುಕೊಂಡು, "ನಿಮ್ಮ ಕೆಲಸ ಮುಗೀತಲ್ಲ" ಎಂದು ಉಳಿದದ್ದನ್ನು ತಾವೇ ಕುಡಿದು, ತುಂಬಾ ಹೊತ್ತು ಕಣ್ಣು ಮುಚ್ಚಿ ಕೂತರು. ಆ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ರಾಯರು ರೆಪ್ಪೆ ಹೊಡೆಯದೆ ನೋಡಿದರು.

ಈ ವರ್ಷದ ಟೀ ಪೂರ್ತಿ ತಮಗೇ ಎಂದು ದೊಡ್ಡವರು ಮಾತು ಕೊಟ್ಟರು. ಹೊರಡುವಾಗ ರಾಯರ ಭುಜದ ಮೇಲೆ ಕೈ ಇಟ್ಟು, "ಏಳು ಗಂಟೆಗೆ ನನ್ನ ಡ್ರೈವರ್ ನಿಮ್ಮ ಮನೆಗೆ ಒಂದು ಪೆಟ್ಟಿಗೆ ತರ್ತಾನೆ. ನನ್ನ ಹತ್ರ ಅದಕ್ಕಿಂತ ದೊಡ್ಡ ವಸ್ತು ಇಲ್ಲ" ಎಂದರು.

ರಾಯರು ಮನೆಗೆ ನಡೆದುಕೊಂಡು ಬಂದರೋ ತೇಲಿಕೊಂಡು ಬಂದರೋ ಅವರಿಗೇ ಗೊತ್ತಿಲ್ಲ. ಇನ್ನು ಯಾರ ಎದುರೂ ನಿಂತು ಹೀರಬೇಕಾಗಿಲ್ಲ. ತಮ್ಮ ಮನೆ, ತಮ್ಮ ಕೈಕುರ್ಚಿ, ತಮ್ಮ ಪೇಪರ್. ಮೊದಲು ಗಮನ ಕೊಟ್ಟು ಒಂದು ಗುಟುಕು ಉಗುಳಿದರಾಯಿತು, ಆಮೇಲೆ ಪೇಪರ್ ಓದುತ್ತಾ ಒಂದು ಗುಟುಕು ನುಂಗಿದರಾಯಿತು. ಬಾಟಲಿ ತಮ್ಮದೇ ಆದ ಮೇಲೆ ಅವಸರವೇನು? ಮುಖ ದಪ್ಪಗೆ ಮಾಡಿಕೊಂಡಿದ್ದ ಹೆಂಡತಿಗೆ ಎಲ್ಲ ವಿವರಿಸಿದರು. ಒದ್ದೆ ಮಣ್ಣಿನ ಹೊಗೆಯವರೆಗೆ ಬಂದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು.

"ಬೇರೆಯವರ ಮನೆ ಬಾರ್ಲಿ ಬಗ್ಗೆ ಇಷ್ಟೊಂದು ಮಾತಾಡ್ತೀರ. ಇರಲಿ, ನನಗೂ ಒಂದು ತೊಟ್ಟು ಕೊಡಿ, ನೋಡೋಣ" ಎಂದರು.

ಆರೂ ಮುಕ್ಕಾಲಿಗೆ ಉಗ್ರಾಣದವನು ಸ್ವಂತ ಲೋಟ ಹಿಡಿದುಕೊಂಡು ಬಂದ. ಅವನ ಹಿಂದೆಯೇ ಫೋನ್ ಮೇಡಂ ಐಸಿನ ತಟ್ಟೆ ಹಿಡಿದುಕೊಂಡು ಬಂದರು.

"ಐಸಾ!" ಎಂದು ರಾಯರು ಎದೆ ಮೇಲೆ ಕೈ ಇಟ್ಟುಕೊಂಡರು. "ಮೇಡಂ, ಅದರ ಬಾಗಿಲೆಲ್ಲ ಮುಚ್ಚಿ ಹೋಗತ್ತೆ. ಎರಡು ಹನಿ ನೀರು ಸಾಕು. ಮೂರನೇದು ಬೇಡ."

ಏಳಕ್ಕೆ ಕಾರು ನಿಂತಿತು. ಪೆಟ್ಟಿಗೆ ಕರಿಮರದ್ದು, ಹಿತ್ತಾಳೆ ಕೊಂಡಿಯದ್ದು. ಡ್ರೈವರ್ ಎರಡೂ ಕೈಯಲ್ಲಿ ಎತ್ತಿ ತಂದ. ಉಗ್ರಾಣದವನು ತೂಕ ನೋಡಿ, "ಎರಡು ಬಾಟಲಿ! ಕಮ್ಮಿ ಇಲ್ಲ!" ಎಂದು ತೀರ್ಪು ಕೊಟ್ಟ. ರಾಯರು ಕೊಂಡಿ ಎತ್ತಿದರು. ಒಳಗೆ ನೀಲಿ ಮಖಮಲ್ಲು. ಮಖಮಲ್ಲು ಸರಿಸಿದರೆ ಬೆಳ್ಳಿ ಥಳಥಳ ಹೊಳೆಯಿತು.

ಅದು ಒಂದು ಪೀಕದಾನಿ.

ಜೊತೆಗೆ ಕಾಗದ ಇತ್ತು. ರಾಯರ ಕಣ್ಣು ಮಂಜಾಗಿದ್ದರಿಂದ ಹೆಂಡತಿಯೇ ಓದಿದರು: "ಇದು ನನ್ನ ತಾತನದು. ಅವರು ನಲವತ್ತು ವರ್ಷ ಪೀಪಾಯಿಗಳ ರುಚಿ ನೋಡುವ ಕೆಲಸ ಮಾಡಿದರು, ಒಂದು ತೊಟ್ಟೂ ನುಂಗಲಿಲ್ಲ. ಆಮೇಲೆ ನಮ್ಮ ಮನೆತನದಲ್ಲಿ ಹುಟ್ಟಿದವರೆಲ್ಲ ನುಂಗುವವರೇ. ತಕ್ಕವರು ಸಿಗದೆ ಇದು ಇಷ್ಟು ವರ್ಷ ನನ್ನಲ್ಲೇ ಉಳಿದಿತ್ತು. ಮೊದಲು ನಿಮಗೆ ಎರಡು ಬಾಟಲಿ ಕಳಿಸೋಣವೆಂದು ತೆಗೆದಿಟ್ಟಿದ್ದೆ. ನಿಮ್ಮಂಥವರಿಗೆ ಬಾಟಲಿ ಕಳಿಸುವುದು ಅವಮಾನ ಮಾಡಿದಂತೆ ಎಂದು ಹೊಳೆದು, ಅವನ್ನು ನಿಮ್ಮ ಯಜಮಾನರಿಗೆ ಕಳಿಸಿದ್ದೇನೆ."

ಉಗ್ರಾಣದವನು ಪೆಟ್ಟಿಗೆಯ ಮಖಮಲ್ಲನ್ನೆಲ್ಲ ಎತ್ತಿ ತಳ ನೋಡಿದ. ಆಮೇಲೆ ಲೋಟವನ್ನು ಜೇಬಿಗೆ ಇಳಿಸಿ, ಯಜಮಾನರಿಗೆ ಏನೋ ಹೇಳುವುದು ಮರೆತಿದ್ದೆನೆಂದು ಆ ದಿಕ್ಕಿಗೆ ಹೊರಟ. ಫೋನ್ ಮೇಡಂ ಕರಗಿದ ಐಸನ್ನು ಎತ್ತಿಕೊಂಡು ಮನೆಗೆ ಹೋದರು. ಅವರಿಗೆ ಸುದ್ದಿ ಮುಟ್ಟಿಸುವ ಅವಸರ ಇತ್ತು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಯಜಮಾನರು. "ರಾಯರೇ, ಇನ್ನೆರಡು ಬಂದಿದಾವೆ! ನಾಳೆ ಹನ್ನೊಂದಕ್ಕೆ ಬಂದು ರುಚಿ ನೋಡಿ ಬರೆದುಕೊಡಿ. ಬರುವಾಗ ಆ ಬೆಳ್ಳೀದು ತನ್ನಿ. ನನ್ನ ಗಿಡ ಯಾಕೋ ಎಲೆ ಬಾಗಿಸಿಕೊಂಡು ನಿಂತಿದೆ."

ರಾಯರು ಕೈಕುರ್ಚಿಯಲ್ಲಿ ಕುಸಿದು ಕೂತರು. ಬೆಳ್ಳಿಯ ಪಾತ್ರೆ ಕಾಲ ಬಳಿ ಇತ್ತು. ಹೆಂಡತಿ ಒಳಗೆ ಹೋಗಿ ಊಟದ ತಟ್ಟೆ ತಂದು ಮುಂದಿಟ್ಟರು. ರಾಯರ ಕೈ ರೂಢಿಯಂತೆ ಪೇಪರಿಗೆ ಹೋಯಿತು. ಹೆಂಡತಿ ಅದನ್ನು ಎಳೆದುಕೊಂಡು, ಮಡಿಸಿ, ತಾವು ಕೂತ ಕುರ್ಚಿಯ ಕೆಳಗೆ ಹಾಕಿಕೊಂಡರು.

"ಇವತ್ತು ಪೇಪರ್ ಇಲ್ಲ. ಗಮನ ಕೊಟ್ಟು ತಿನ್ನಿ. ನನ್ನ ಕೈಯದ್ದರಲ್ಲೂ ಏನೇನು ಸಿಗತ್ತೆ ಹೇಳಿ."

ಬೇಡವೆನ್ನಲು ರಾಯರಿಗೆ ಧೈರ್ಯ ಬರಲಿಲ್ಲ. ಒಂದು ತುತ್ತು ಬಾಯಿಗಿಟ್ಟು ಗಮನ ಕೊಟ್ಟರು. ಕೊಟ್ಟವರು ಬೆರಗಾದರು. ಖಾರವಿಲ್ಲದ ಆ ಅಡಿಗೆಯಲ್ಲಿ ಒಂದರ ಹಿಂದೆ ಒಂದು ರುಚಿ ಎದ್ದು ಬರುತ್ತಿತ್ತು. ಹತ್ತೊಂಬತ್ತು ವರ್ಷ ಇದು ಇಲ್ಲೇ, ಇದೇ ತಟ್ಟೆಯಲ್ಲಿ ಇತ್ತಲ್ಲ ಎಂದು ಅವರ ಕಣ್ಣಲ್ಲಿ ನೀರಾಡಿತು. ಹೆಂಡತಿ ಅದನ್ನು ನೋಡಿ, ಸೆರಗು ಸರಿ ಮಾಡಿಕೊಂಡು, ಮುಖ ಅರಳಿಸಿ ಮುಂದಕ್ಕೆ ಬಾಗಿದರು.

"ಹೇಳಿ, ಏನು ಸಿಕ್ತು?"

ರಾಯರ ಎಡ ಮೊಣಕಾಲು ನಿಧಾನವಾಗಿ ಮುಂದಕ್ಕೆ ಸರಿಯಿತು.